ಸಿಮ್ಯುಲೇಟರ್‌ನಲ್ಲಿ ಕ್ಲಾಕ್ ಹೊಂದಿಸುವುದು: ಕೈಲ್, ಪ್ರೋಟಿಯಸ್, ವೋಕ್ವಿ, ಸಿಮುಲ್‌ಐಡಿಇ – ನಿಮ್ಮ ಕೆಲಸಕ್ಕೆ ಯಾವುದು?

ಎಲ್‌ಇಡಿ ಒಂದು ಸೆಕೆಂಡು ಉರಿದು ಒಂದು ಸೆಕೆಂಡು ಆರಲಿ ಎಂದು ಕೋಡ್ ಬರೆದಿದ್ದೀರಿ. ಸಿಮ್ಯುಲೇಟರ್‌ನಲ್ಲಿ, ಅಂದರೆ ಮೈಕ್ರೋಕಂಟ್ರೋಲರ್ ಚಿಪ್ಪನ್ನು ಕಂಪ್ಯೂಟರ್‌ನಲ್ಲೇ ಅನುಕರಿಸುವ ತಂತ್ರಾಂಶದಲ್ಲಿ, ಓಡಿಸಿದರೆ 16 ಸೆಕೆಂಡು ಉರಿದೇ ಇರುತ್ತದೆ, ಆಮೇಲೆ 16 ಸೆಕೆಂಡು ಆರಿರುತ್ತದೆ. ಕೋಡ್‌ನ ಸಾಲುಗಳನ್ನು ಎಷ್ಟು ತಿರುವಿಹಾಕಿದರೂ ಇಲ್ಲಿ ತಪ್ಪು ಸಿಗುವುದಿಲ್ಲ. ಆ 16 ಎಂಬ ಸಂಖ್ಯೆಯಲ್ಲೇ ಉತ್ತರವಿದೆ: ಚಿಪ್‌ನ ಹೆಜ್ಜೆಗೆ ತಾಳ ಹಾಕುವ ಕ್ಲಾಕ್ 16 ಮೆಗಾಹರ್ಟ್ಜ್‌ನಲ್ಲಿ ಓಡುತ್ತಿದೆ ಎಂದು ಕೋಡ್ ನಂಬಿದೆ, ಸಿಮ್ಯುಲೇಟರ್ ಅದನ್ನು 1 ಮೆಗಾಹರ್ಟ್ಜ್‌ನಲ್ಲಿ ಓಡಿಸುತ್ತಿದೆ.

ಸಮಯ ತಪ್ಪಿದಾಗ ಎಷ್ಟು ಪಟ್ಟು ತಪ್ಪಿದೆ ಎಂದು ಮೊದಲು ಲೆಕ್ಕ ಹಾಕಿ. 8 ಪಟ್ಟು ಎಳೆದಿದ್ದರೆ ಎವಿಆರ್ ಚಿಪ್‌ನಲ್ಲಿ ಕ್ಲಾಕನ್ನು ಎಂಟರಿಂದ ಭಾಗಿಸುವ ಫ್ಯೂಸ್ (ಚಿಪ್‌ನೊಳಗೆ ಉಳಿಯುವ ಸೆಟ್ಟಿಂಗ್ ಬಿಟ್) ಮೇಲೆ ಅನುಮಾನ ಪಡಿ. 2 ಪಟ್ಟಾದರೆ 16 ಇರಬೇಕಾದ ಕಡೆ 8 ಕೂತಿದೆ. 4 ಪಟ್ಟಾದರೆ ಪಿಕ್ ಚಿಪ್‌ನಲ್ಲಿ ಕ್ರಿಸ್ಟಲ್‌ನ (ಹೊರಗಿನಿಂದ ಕ್ಲಾಕ್ ಕೊಡುವ ಬಿಡಿಭಾಗ) ಆವರ್ತನವೂ ಇನ್‌ಸ್ಟ್ರಕ್ಷನ್ ಆವರ್ತನವೂ ಅದಲುಬದಲಾಗಿವೆ. ವ್ಯತ್ಯಾಸ ಶೇಕಡಾ 8.5ರಷ್ಟು ಮಾತ್ರ ಇದ್ದರೆ 8051 ಎಂಬ ಹಳೆಯ ಮಾದರಿಯ ಚಿಪ್‌ಗೆ 11.0592 ಮೆಗಾಹರ್ಟ್ಜ್ ಕೊಡುವ ಬದಲು 12 ಕೊಟ್ಟಿದ್ದೀರಿ. ಓಡಿಸಿದಾಗಲೆಲ್ಲ ಬೇರೆ ಬೇರೆ ಅಂತರ ಬರುತ್ತಿದ್ದರೆ ಮಾತ್ರ ಕ್ಲಾಕ್ ಸೆಟ್ಟಿಂಗನ್ನು ದೂರಬೇಡಿ. ಆಗ ಸಿಮ್ಯುಲೇಷನ್‌ನ ಭಾರ ನಿಮ್ಮ ಕಂಪ್ಯೂಟರ್‌ಗೆ ಹೆಚ್ಚಾಗಿದೆ.

ಈ ಗೊಂದಲದ ಬೇರು ಎಂದರೆ, ಒಂದೇ ಕ್ಲಾಕ್‌ಗೆ ಸಂಬಂಧಿಸಿದ ಸಂಖ್ಯೆ ಮೂರು ಬೇರೆ ಬೇರೆ ಜಾಗಗಳಲ್ಲಿ ಇರುತ್ತದೆ, ಅವು ಒಂದನ್ನೊಂದು ಕೇಳುವುದಿಲ್ಲ. ಒಂದು, ಕೋಡ್‌ನಲ್ಲಿ ನೀವು ಬರೆಯುವ ಸಂಖ್ಯೆ. ಎವಿಆರ್‌ನಲ್ಲಿ ಅದು ಎಫ್_ಸಿಪಿಯು, ಪಿಕ್‌ನ ಎಕ್ಸ್‌ಸಿ8 ಕಂಪೈಲರ್‌ನಲ್ಲಿ _ಎಕ್ಸ್‌ಟಾಲ್_ಫ್ರೀಕ್. ಇದು ಚಿಪ್‌ನ ವೇಗವನ್ನು ಎಳ್ಳಷ್ಟೂ ಬದಲಿಸುವುದಿಲ್ಲ. ಡಿಲೇ ಲೂಪ್ ಎಷ್ಟು ಸಲ ಸುತ್ತಬೇಕು ಎಂದು ಕಂಪೈಲರ್ ಲೆಕ್ಕ ಹಾಕುವುದಕ್ಕೆ ಅಷ್ಟೇ ಬೇಕು. ಎರಡು, ಚಿಪ್‌ನ ಫ್ಯೂಸ್ ಅಥವಾ ಕಾನ್ಫಿಗರೇಷನ್ ಬಿಟ್‌ಗಳು ಹೇಳುವ ಕ್ಲಾಕ್ ಮೂಲ. ಮೂರು, ಸಿಮ್ಯುಲೇಟರ್‌ನ ಯಾವುದೋ ಡಬ್ಬಿಯಲ್ಲಿ ಕೂತಿರುವ ಸಂಖ್ಯೆ. ಹೊಸಬರು ಸಾಮಾನ್ಯವಾಗಿ ಮೊದಲನೆಯದನ್ನು ಸರಿಮಾಡಿ ಉಳಿದೆರಡು ತಾವಾಗಿಯೇ ಸರಿಹೋಗುತ್ತವೆ ಎಂದುಕೊಳ್ಳುತ್ತಾರೆ.

ಹಾಗಾಗಿ ಸಿಮ್ಯುಲೇಟರ್ ಆರಿಸುವಾಗ ನನ್ನ ಮಟ್ಟಿಗೆ ಎರಡೇ ಪ್ರಶ್ನೆ ಮುಖ್ಯ. ಅದು ಮೂರನೆಯ ಸಂಖ್ಯೆಯನ್ನು ಎಲ್ಲಿಂದ ತೆಗೆದುಕೊಳ್ಳುತ್ತದೆ? ಸಂಖ್ಯೆ ತಪ್ಪಾಗಿದ್ದರೆ ಅದು ತಪ್ಪನ್ನು ನಿಮಗೆ ಕಾಣಿಸುತ್ತದೆಯೋ, ಮುಚ್ಚಿಡುತ್ತದೆಯೋ? ಚೆಂದದ ಪರದೆ, ಬಿಡಿಭಾಗಗಳ ದೊಡ್ಡ ಪಟ್ಟಿ, ಎಲ್ಲ ಆಮೇಲೆ.

ಯಾವ ಸಿಮ್ಯುಲೇಟರ್ ಹಿಡಿದರೂ ಮೊದಲು ಒಂದು ಚಿಕ್ಕ ಪರೀಕ್ಷೆ ಮಾಡಿ. ಎಟಿಮೆಗಾ328ಪಿ (ಆರ್ಡುಯಿನೋ ಯುನೋದಲ್ಲಿರುವ ಎವಿಆರ್ ಚಿಪ್) ಆದರೆ ಒಂದು ಟೈಮರನ್ನು ಸಿಟಿಸಿ ಮೋಡ್‌ನಲ್ಲಿಟ್ಟು (ಕೊಟ್ಟ ಸಂಖ್ಯೆ ಮುಟ್ಟಿದ ಮೇಲೆ ಎಣಿಕೆ ಸೊನ್ನೆಗೆ ಮರಳುವ ಬಗೆ), ಪ್ರೀಸ್ಕೇಲರ್ (ಕ್ಲಾಕನ್ನು ಭಾಗಿಸುವ ಸಂಖ್ಯೆ) 64, ಹೋಲಿಕೆಯ ರಿಜಿಸ್ಟರ್‌ನಲ್ಲಿ 249 ಕೊಟ್ಟು, ಪ್ರತಿ ಹೋಲಿಕೆಗೂ ಒಂದು ಪಿನ್ ತಿರುಗುಮುರುಗಾಗಲಿ. 16 ಮೆಗಾಹರ್ಟ್ಜ್ ಅನ್ನು 64ರಿಂದ ಭಾಗಿಸಿದರೆ 2,50,000. 250 ಎಣಿಕೆಗೊಮ್ಮೆ ಎಂದರೆ ಸೆಕೆಂಡಿಗೆ 1000 ಸಲ. ಪಿನ್ ಮೇಲೇರಿ ಕೆಳಗಿಳಿಯಲು ಎರಡು ಹೆಜ್ಜೆ ಬೇಕಾದ್ದರಿಂದ ಅಲ್ಲಿ 500 ಹರ್ಟ್ಜ್ ಕಾಣಬೇಕು. 250 ಕಂಡರೆ ಸಿಮ್ಯುಲೇಟರ್ 8 ಮೆಗಾಹರ್ಟ್ಜ್‌ನಲ್ಲಿದೆ, 31.25 ಕಂಡರೆ 1 ಮೆಗಾಹರ್ಟ್ಜ್‌ನಲ್ಲಿದೆ. ಈ ಪರೀಕ್ಷೆಗೆ ಡಿಲೇ ಫಂಕ್ಷನ್ ಬೇಡ, ಟೈಮರೇ ಬೇಕು. ಡಿಲೇ ಒಳಗೆ ಎಫ್_ಸಿಪಿಯು ಸೇರಿಕೊಂಡಿರುವುದರಿಂದ ಎರಡು ತಪ್ಪುಗಳು ಕೂಡಿ ಒಂದನ್ನೊಂದು ಮರೆಮಾಡಬಹುದು.

8051 ಕಲಿಯುವವರಿಗೆ

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರಿಗೆ 8051 ಮತ್ತು ಅದಕ್ಕೆ ಕೋಡ್ ಬರೆದು ಪರೀಕ್ಷಿಸುವ ಕೈಲ್ ತಂತ್ರಾಂಶದ ಹೆಸರುಗಳು ಜೋಡಿಯಾಗಿಯೇ ನೆನಪಿರುತ್ತವೆ. ಅದರಿಂದಲೇ ಆರಂಭಿಸೋಣ.

ಮೊದಲು 11.0592 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ತಿಳಿಯದೆ ಮುಂದೆ ಹೋಗುವುದು ಸರಿಯಲ್ಲ. ಹಳೆಯ ಮಾದರಿಯ 8051ರಲ್ಲಿ ಒಂದು ಮೆಷಿನ್ ಸೈಕಲ್‌ಗೆ 12 ಕ್ಲಾಕ್ ಬೇಕು. 1,10,59,200 ಅನ್ನು 12ರಿಂದ ಭಾಗಿಸಿದರೆ 9,21,600. ಸೀರಿಯಲ್ ಪೋರ್ಟ್ ಅದನ್ನು 32ರಿಂದ ಭಾಗಿಸುತ್ತದೆ, 28,800. ಟೈಮರ್ 1ರಲ್ಲಿ 253 ತುಂಬಿದರೆ 3 ಎಣಿಕೆಗೊಮ್ಮೆ ಉಕ್ಕುತ್ತದೆ, 9600 ಬಾಡ್ (ಸೆಕೆಂಡಿಗೆ ಹೋಗುವ ಬಿಟ್‌ಗಳ ಸಂಖ್ಯೆ). ಶೇಷವೇ ಇಲ್ಲ. ಅದೇ ಕೋಡನ್ನು 12 ಮೆಗಾಹರ್ಟ್ಜ್‌ನಲ್ಲಿ ಓಡಿಸಿದರೆ 10,417ರ ಸುಮಾರು ಬರುತ್ತದೆ. ಎಲ್‌ಇಡಿ ಮಿನುಗಿನಲ್ಲಿ ಶೇಕಡಾ 8.5ರ ವ್ಯತ್ಯಾಸ ಕಣ್ಣಿಗೆ ಗೊತ್ತಾಗುವುದಿಲ್ಲ. ಸೀರಿಯಲ್‌ನಲ್ಲಿ ಅದು ಮಾರಕ. ಸ್ವೀಕರಿಸುವ ಕಡೆಯವನು ಸ್ಟಾರ್ಟ್ ಬಿಟ್‌ನ ಅಂಚಿನಿಂದ ಎಣಿಸುತ್ತ ಪ್ರತಿ ಬಿಟ್‌ನ ನಡುವಿನಲ್ಲಿ ಓದುತ್ತಾನೆ. ಎಂಟನೆಯ ಡೇಟಾ ಬಿಟ್‌ಗೆ ಬರುವಷ್ಟರಲ್ಲಿ ಸುಮಾರು 0.7 ಬಿಟ್‌ನಷ್ಟು ಜಾರಿರುತ್ತಾನೆ. ಅರ್ಧ ಬಿಟ್ ದಾಟಿತೆಂದರೆ ಪಕ್ಕದ ಬಿಟ್ ಓದಿದಂತೆಯೇ.

ಕೈಲ್‌ನಲ್ಲಿ ಈ ಸಂಖ್ಯೆ ಇರುವುದು ಆಪ್ಷನ್ಸ್ ಫಾರ್ ಟಾರ್ಗೆಟ್‌ನ ಟಾರ್ಗೆಟ್ ಪುಟದಲ್ಲಿ, ಎಕ್ಸ್‌ಟಾಲ್ ಎಂಬ ಡಬ್ಬಿಯಲ್ಲಿ. ಚಿಪ್ ಆರಿಸಿದ ಕೂಡಲೇ ಅಲ್ಲಿ ಆ ಚಿಪ್‌ಗೆ ಸೇರಿದ ಒಂದು ಸಂಖ್ಯೆ ತಾನಾಗಿ ಬಂದು ಕೂರುತ್ತದೆ. ಅದು ನಿಮ್ಮ ಬೋರ್ಡಿನ ಕ್ರಿಸ್ಟಲ್ ಆಗಿರಬೇಕಾಗಿಲ್ಲ. ಅದನ್ನು ಅಳಿಸಿ 11.0592 ಬರೆಯಿರಿ, ಡೀಬಗ್ ಪುಟದಲ್ಲಿ ಯೂಸ್ ಸಿಮ್ಯುಲೇಟರ್ ಆರಿಸಿ. ಈ ಸಂಖ್ಯೆ ಬದಲಿಸಿದರೆ ಹೆಕ್ಸ್ ಫೈಲ್ (ಚಿಪ್‌ಗೆ ಹಾಕುವ, ಕಂಪೈಲ್ ಆದ ಕೋಡ್) ಬದಲಾಗುವುದಿಲ್ಲ. ರಿಜಿಸ್ಟರ್ ಕಿಟಕಿಯಲ್ಲಿ ಸೈಕಲ್‌ಗಳ ಎಣಿಕೆಯ ಜೊತೆ ಸೆಕೆಂಡುಗಳನ್ನು ತೋರಿಸುತ್ತದಲ್ಲ, ಆ ಸೆಕೆಂಡು ನಂಬಬೇಕೆಂದರೆ ಇದು ಸರಿಯಿರಬೇಕು.

ಕೈಲ್‌ನ ದೊಡ್ಡ ಗುಣ ಈ ನಿಖರ ಎಣಿಕೆ. ಒಂದು ಡಿಲೇ ರೂಟೀನ್‌ನ ಮೊದಲ ಸಾಲಿನಲ್ಲೂ ಕೊನೆಯ ಸಾಲಿನಲ್ಲೂ ಬ್ರೇಕ್‌ಪಾಯಿಂಟ್ ಇಟ್ಟು, ಸೆಕೆಂಡುಗಳನ್ನು ಕಳೆದರೆ ಉತ್ತರ ಮೈಕ್ರೋಸೆಕೆಂಡಿನವರೆಗೆ ಸಿಗುತ್ತದೆ. ಆದರೆ ಅದರ ಸೀರಿಯಲ್ ಕಿಟಕಿ ಬಾಡ್ ತಪ್ಪನ್ನು ಮುಚ್ಚಿಡುತ್ತದೆ. ಕೋಡ್ ಕಳಿಸಿದ ಅಕ್ಷರವನ್ನು ಅದು ನೇರವಾಗಿ ಎತ್ತಿಕೊಂಡು ತೋರಿಸುತ್ತದೆ, ಬಾಡ್ ಎಷ್ಟೇ ಇರಲಿ. ಪಠ್ಯ ಸ್ವಚ್ಛವಾಗಿ ಬಂತೆಂದು ಬೋರ್ಡಿಗೆ ಹಾಕಿದಾಗ ಅರ್ಥವಿಲ್ಲದ ಅಕ್ಷರ ಬರುವುದು ಇದೇ ಕಾರಣಕ್ಕೆ. ಪೆರಿಫೆರಲ್ಸ್ ಮೆನುವಿನಲ್ಲಿ ಸೀರಿಯಲ್ ಎಂಬುದನ್ನು ತೆರೆದರೆ ಬಾಡ್‌ರೇಟ್ ಎಷ್ಟಾಗಿದೆ ಎಂದು ಅಂಕಿಯಲ್ಲಿ ತೋರಿಸುತ್ತದೆ. ಪಠ್ಯ ನೋಡುವ ಮೊದಲು ಆ ಅಂಕಿ ನೋಡಿ. ಉಚಿತ ಮೌಲ್ಯಮಾಪನ ಆವೃತ್ತಿಯಲ್ಲಿ ಕೋಡ್ 2 ಕಿಲೋಬೈಟ್ ಮೀರುವಂತಿಲ್ಲ. ಲ್ಯಾಬ್ ಪ್ರಯೋಗಗಳಿಗೆ ಅಷ್ಟು ಧಾರಾಳವಾಗಿ ಸಾಕು.

ಪ್ರೋಟಿಯಸ್‌ನ ಸ್ವಭಾವ ಇದಕ್ಕೆ ವಿರುದ್ಧ. ಅದರಲ್ಲಿ ಚಿಪ್‌ನ ಸುತ್ತ ನಿಜವಾದ ಸರ್ಕ್ಯೂಟ್ ಇರುತ್ತದೆ, ವರ್ಚುವಲ್ ಟರ್ಮಿನಲ್ ತನ್ನದೇ ಬಾಡ್ ಇಟ್ಟುಕೊಂಡು ಪಿನ್‌ನ ಏರಿಳಿತವನ್ನು ಓದುತ್ತದೆ. ಕ್ಲಾಕ್ ತಪ್ಪಿದರೆ ಅಕ್ಷರಗಳು ಅಲ್ಲೇ ಕೆಡುತ್ತವೆ. ಸೀರಿಯಲ್ ಕಲಿಯುವವರಿಗೆ ನಾನು ಪ್ರೋಟಿಯಸ್ಸನ್ನೇ ಹೇಳುವುದು ಈ ಕಾರಣಕ್ಕೆ. ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶವಾದ್ದರಿಂದ ಕಾಲೇಜಿನ ಲೈಸೆನ್ಸ್ ಇದ್ದರೆ ಅಲ್ಲೇ ಕೂತು ಮಾಡುವುದು ಒಳ್ಳೆಯದು.

ಅದರಲ್ಲಿ ಒಂದು ವಿಷಯವನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಬೇಕು: ನೀವು ಬಿಡಿಸಿದ ಕ್ರಿಸ್ಟಲ್‌ಗೂ ಚಿಪ್‌ನ ವೇಗಕ್ಕೂ ಸಂಬಂಧವಿಲ್ಲ. ಕ್ರಿಸ್ಟಲ್ ಮೇಲೆ 11.0592 ಎಂದು ಬರೆದು, 33 ಪಿಕೋಫ್ಯಾರಡ್‌ನ ಎರಡು ಕೆಪಾಸಿಟರ್ ಜೋಡಿಸಿ, ಚೆನ್ನಾಗಿ ವೈರ್ ಎಳೆದರೂ ಸಿಮ್ಯುಲೇಷನ್ ಅದನ್ನು ಕಣ್ಣೆತ್ತಿ ನೋಡುವುದಿಲ್ಲ. ಅದು ನೋಡುವುದು ಚಿಪ್ ಮೇಲೆ ಎರಡು ಸಲ ಕ್ಲಿಕ್ ಮಾಡಿದಾಗ ತೆರೆಯುವ ಪುಟದ ಕ್ಲಾಕ್ ಫ್ರೀಕ್ವೆನ್ಸಿಯನ್ನು. 8051 ಚಿಪ್‌ಗಳಿಗೆ ಅಲ್ಲಿ ಮೊದಲಿಗೆ 12 ಮೆಗಾಹರ್ಟ್ಜ್ ಇರುತ್ತದೆ. ಮೇಲೆ ಹೇಳಿದ 10,417 ಹುಟ್ಟುವುದು ಇಲ್ಲಿಂದ. ಕ್ರಿಸ್ಟಲ್ ಇಲ್ಲದೆಯೂ ಸರ್ಕ್ಯೂಟ್ ಓಡುತ್ತದೆ, ಆದರೂ ಚಿತ್ರದಲ್ಲಿ ಅದನ್ನು ಬಿಡಿಸಿಡಿ. ಪಿಸಿಬಿ ಮಾಡುವಾಗ ಬೇಕಾಗುತ್ತದೆ.

ಎಡ್‌ಸಿಮ್51 ಚಿಕ್ಕದು, ಅಸೆಂಬ್ಲಿ ಕಲಿಯಲು ಮುದ್ದಾದದ್ದು. ಸಿಸ್ಟಂ ಕ್ಲಾಕ್ ಎಂಬ ಡಬ್ಬಿ ಮುಂದೆಯೇ ಕಾಣುತ್ತದೆ, ಮೊದಲಿಗೆ 12 ಇರುತ್ತದೆ. ಅದರ ಹತ್ತಿರವೇ ಇರುವ ಅಪ್‌ಡೇಟ್ ಫ್ರೀಕ್ ಬೇರೆ ವಿಷಯ: ಎಷ್ಟು ಇನ್‌ಸ್ಟ್ರಕ್ಷನ್‌ಗೊಮ್ಮೆ ಪರದೆ ಬದಲಾಗಬೇಕು ಎಂಬುದು. ಮೋಟಾರ್ ನಿಧಾನವಾಗಿ ತಿರುಗುತ್ತಿದೆ ಎಂದು ಸಿಸ್ಟಂ ಕ್ಲಾಕ್ ಏರಿಸುವವರು ಬದಲಿಸಬೇಕಾದ್ದು ಇದನ್ನು. ಅಸೆಂಬ್ಲಿಯ ಮೊದಲ ತಿಂಗಳಿಗೆ ಎಡ್‌ಸಿಮ್, ಸಮಯ ಅಳೆಯಲು ಕೈಲ್, ಸೀರಿಯಲ್ ಮತ್ತು ಎಲ್‌ಸಿಡಿ ಬಂದಾಗ ಪ್ರೋಟಿಯಸ್. ಬೋರ್ಡಿನಲ್ಲಿ ಒಂದು ಕ್ಲಾಕ್‌ಗೆ ಒಂದು ಸೈಕಲ್ ಓಡುವ ಹೊಸ ಜಾತಿಯ 8051 ಇದ್ದರೆ, 12 ಕ್ಲಾಕ್ ಲೆಕ್ಕದಲ್ಲಿ ಬರೆದ ಡಿಲೇ ಲೂಪ್‌ಗಳು ಅಲ್ಲಿ ಹಲವು ಪಟ್ಟು ಬೇಗ ಮುಗಿಯುತ್ತವೆ; ಸಿಮ್ಯುಲೇಟರ್‌ನಲ್ಲಿ ಆರಿಸಿದ ಚಿಪ್ ನಿಮ್ಮದೇ ಜಾತಿಯದೋ ಎಂದು ನೋಡಿಕೊಳ್ಳಿ.

ಎವಿಆರ್ ಮತ್ತು ಆರ್ಡುಯಿನೋ

ಗೊಂದಲ ಅತಿ ಹೆಚ್ಚು ಇಲ್ಲೇ. ಕಾರಣ ಫ್ಯೂಸ್‌ಗಳು.

ಎಟಿಮೆಗಾ328ಪಿ ಕಾರ್ಖಾನೆಯಿಂದ ಬರುವಾಗ ಒಳಗಿನ 8 ಮೆಗಾಹರ್ಟ್ಜ್ ಆರ್‌ಸಿ ಆಸಿಲೇಟರ್ (ಕ್ರಿಸ್ಟಲ್ ಇಲ್ಲದೆ ಕ್ಲಾಕ್ ಕೊಡುವ ಸರ್ಕ್ಯೂಟ್) ಮೇಲೆ ಓಡುವಂತೆ, ಜೊತೆಗೆ ಎಂಟರಿಂದ ಭಾಗಿಸುವ ಫ್ಯೂಸ್ ಹಾಕಿಕೊಂಡು ಬರುತ್ತದೆ. ಅಂದರೆ 1 ಮೆಗಾಹರ್ಟ್ಜ್. ಅದೇ ಚಿಪ್ ಆರ್ಡುಯಿನೋ ಯುನೋದಲ್ಲಿ ಹೊರಗಿನ 16 ಮೆಗಾಹರ್ಟ್ಜ್ ರೆಸೊನೇಟರ್ ಮೇಲೆ, ಭಾಗಾಕಾರವಿಲ್ಲದೆ ಓಡುತ್ತದೆ. ಆರ್ಡುಯಿನೋದಲ್ಲಿ ಕಂಪೈಲ್ ಮಾಡಿದ ಹೆಕ್ಸ್ ಫೈಲನ್ನು ಪ್ರೋಟಿಯಸ್‌ನ ಬರಿಯ ಎಟಿಮೆಗಾ328ಪಿಗೆ ಹಾಕಿದಾಗ, ಫೈಲ್ ಯುನೋ ಲೆಕ್ಕದ್ದು, ಚಿಪ್ ಕಾರ್ಖಾನೆ ಲೆಕ್ಕದ್ದು. ಮೊದಲ ಸಾಲಿನ 16 ಪಟ್ಟಿನ ಅಂತರ ಹೀಗೆ ಬರುತ್ತದೆ.

ಪ್ರೋಟಿಯಸ್‌ನಲ್ಲಿ ಇದನ್ನು ಸರಿಮಾಡಲು ಮೂರು ಜಾಗ ಮುಟ್ಟಬೇಕು. ಎಂಟರಿಂದ ಭಾಗಿಸುವ ಫ್ಯೂಸನ್ನು ಅನ್‌ಪ್ರೋಗ್ರಾಮ್ಡ್ ಮಾಡಿ. ಸಿಕೆಸೆಲ್ ಫ್ಯೂಸ್‌ನಲ್ಲಿ ಒಳಗಿನ ಆರ್‌ಸಿ ಬಿಟ್ಟು ಹೊರಗಿನ ಕ್ರಿಸ್ಟಲ್ ಆರಿಸಿ. ಅಡ್ವಾನ್ಸ್‌ಡ್ ಪ್ರಾಪರ್ಟೀಸ್‌ನಲ್ಲಿ ಕ್ಲಾಕ್ ಫ್ರೀಕ್ವೆನ್ಸಿ 16 ಮೆಗಾಹರ್ಟ್ಜ್ ಎಂದು ಬರೆಯಿರಿ. ಕೊನೆಯದನ್ನು ಮಾತ್ರ ಬದಲಿಸಿ ಫ್ಯೂಸ್ ಹಾಗೆಯೇ ಬಿಟ್ಟರೆ ಚಿಪ್ ಒಳಗಿನ ಆಸಿಲೇಟರ್ ಮೇಲೆಯೇ ಓಡುತ್ತಿರುತ್ತದೆ, ನೀವು ಬರೆದ 16ಕ್ಕೆ ಬೆಲೆ ಇಲ್ಲ. ಇಲ್ಲೊಂದು ತಿರುವುಮುರುವು ಇದೆ: ಎವಿಆರ್‌ನಲ್ಲಿ ಪ್ರೋಗ್ರಾಮ್ಡ್ ಎಂದರೆ 0, ಅನ್‌ಪ್ರೋಗ್ರಾಮ್ಡ್ ಎಂದರೆ 1. 1 ಕಂಡರೆ ಫ್ಯೂಸ್ ಚಾಲೂ ಇದೆ ಎಂದುಕೊಂಡರೆ ಎಲ್ಲವೂ ತಲೆಕೆಳಗು.

ಇಷ್ಟೆಲ್ಲ ಕಿರಿಕಿರಿ ಅನ್ನಿಸಿದರೂ ಫ್ಯೂಸ್ ಕಲಿಯಲು ಪ್ರೋಟಿಯಸ್‌ಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ನಿಜವಾದ ಚಿಪ್‌ನಲ್ಲಿ ಹೊರಗಿನ ಕ್ರಿಸ್ಟಲ್ ಎಂದು ಫ್ಯೂಸ್ ಬರೆದು ಕ್ರಿಸ್ಟಲ್ ಜೋಡಿಸದೆ ಬಿಟ್ಟರೆ ಕ್ಲಾಕ್ ನಿಂತುಹೋಗುತ್ತದೆ. ಆಮೇಲೆ ಚಿಪ್‌ಗೆ ಕೋಡ್ ತುಂಬುವ ಐಎಸ್‌ಪಿ ಪ್ರೋಗ್ರಾಮರ್ ಕೂಡ ಅದರ ಜೊತೆ ಮಾತಾಡಲಾರದು. ಸಿಮ್ಯುಲೇಟರ್‌ನಲ್ಲಿ ತಪ್ಪು ಮಾಡಿದರೆ ಒಂದು ಕ್ಲಿಕ್‌ನಲ್ಲಿ ಹಿಂದಕ್ಕೆ.

ಬರಿಯ ಯುನೋ ಸ್ಕೆಚ್ ಓಡಿಸಬೇಕು, ಫ್ಯೂಸ್ ಗೊಡವೆ ಬೇಡ ಎನ್ನುವವರಿಗೆ ವೋಕ್ವಿ. ಬ್ರೌಸರ್‌ನಲ್ಲೇ ಓಡುತ್ತದೆ, ಯುನೋ ಬೋರ್ಡ್ 16 ಮೆಗಾಹರ್ಟ್ಜ್‌ನಲ್ಲೇ ಬರುತ್ತದೆ, ಏನೂ ಮುಟ್ಟಬೇಕಿಲ್ಲ. ಬದಲಿಸಲೇಬೇಕಾದರೆ ಡಯಾಗ್ರಾಂನ ಜೇಸನ್ ಫೈಲ್‌ನಲ್ಲಿ ಬೋರ್ಡಿನ ಭಾಗಕ್ಕೆ ಫ್ರೀಕ್ವೆನ್ಸಿ ಎಂಬ ಗುಣ ಸೇರಿಸಿ, 8ರ ನಂತರ ಎಂ ಅಕ್ಷರ ಹಾಕಿದರೆ 8 ಮೆಗಾಹರ್ಟ್ಜ್. ಅದರ ಎವಿಆರ್ ಎಂಜಿನ್ ಎವಿಆರ್8ಜೆಎಸ್ ಮುಕ್ತ ಆಕರದ್ದು. ಕೋಡ್ ಒಳಗಿಂದ ಕ್ಲಾಕ್ ಪ್ರೀಸ್ಕೇಲರ್ ರಿಜಿಸ್ಟರ್ ಬದಲಿಸಿದರೂ ಅದು ಗಮನಿಸುತ್ತದೆ. ಪರದೆಯ ಮೇಲೆ ಸಿಮ್ಯುಲೇಷನ್ ಸಮಯವೂ ಶೇಕಡಾವಾರು ವೇಗವೂ ಕಾಣುತ್ತಿರುವುದು ನನಗೆ ಬಹಳ ಹಿಡಿಸಿದ ಗುಣ. ಆದರೆ ಯುನೋದ ಸೀರಿಯಲ್ ಮಾನಿಟರ್ ಇಲ್ಲೂ ಬಾಡ್ ತಪ್ಪನ್ನು ಮುಚ್ಚಿಡುತ್ತದೆ, ಕೈಲ್‌ನ ಹಾಗೆಯೇ. ಸಮಯ ಪರೀಕ್ಷಿಸಲು ಅದರ ಲಾಜಿಕ್ ಅನಲೈಸರ್ ಭಾಗವನ್ನು ಪಿನ್‌ಗೆ ಜೋಡಿಸಿ, ಸಿಗುವ ವಿಸಿಡಿ ಫೈಲನ್ನು (ಪಿನ್‌ನ ಏರಿಳಿತದ ದಾಖಲೆ) ಪಲ್ಸ್‌ವ್ಯೂ ತಂತ್ರಾಂಶದಲ್ಲಿ ತೆರೆದು ಅಳೆಯಿರಿ.

ಸಿಮುಲ್‌ಐಡಿಇ ಉಚಿತ, ಮುಕ್ತ ಆಕರದ್ದು, ನಿಮ್ಮ ಕಂಪ್ಯೂಟರ್‌ನಲ್ಲೇ ಇರುತ್ತದೆ. ಹಾಸ್ಟೆಲ್‌ನಲ್ಲಿ ನೆಟ್ ಸರಿಯಿಲ್ಲದವರಿಗೆ, ಹಳೆಯ ಲ್ಯಾಪ್‌ಟಾಪ್ ಇರುವವರಿಗೆ ಇದನ್ನು ಹೇಳುತ್ತೇನೆ. ಚಿಪ್‌ನ ಪ್ರಾಪರ್ಟೀಸ್‌ನಲ್ಲಿ ಫ್ರೀಕ್ವೆನ್ಸಿ ನೇರವಾಗಿ ಬರೆಯಬಹುದು. ಆಸಿಲೋಸ್ಕೋಪ್, ಫ್ರೀಕ್ವೆನ್ಸಿ ಮೀಟರ್ ಎರಡೂ ಇರುವುದರಿಂದ ಮೇಲಿನ 500 ಹರ್ಟ್ಜ್ ಪರೀಕ್ಷೆ ಇಲ್ಲಿ ಎಲ್ಲಕ್ಕಿಂತ ಸುಲಭ: ಪಿನ್‌ಗೆ ಮೀಟರ್ ಕಟ್ಟಿ ಓದಿದರಾಯಿತು.

ಮೈಕ್ರೋಚಿಪ್ ಸ್ಟುಡಿಯೋದ ಸಿಮ್ಯುಲೇಟರ್‌ನಲ್ಲಿ ಹೊರಗಿನ ಸರ್ಕ್ಯೂಟ್ ಇಲ್ಲ, ಪ್ರೊಸೆಸರ್ ಸ್ಟೇಟಸ್ ಕಿಟಕಿಯಲ್ಲಿ ಸೈಕಲ್ ಕೌಂಟರ್ ಮತ್ತು ಸ್ಟಾಪ್ ವಾಚ್ ಇವೆ. ಅಲ್ಲೇ ಫ್ರೀಕ್ವೆನ್ಸಿಯೂ ಇದೆ, 1 ಮೆಗಾಹರ್ಟ್ಜ್ ಎಂದು. ಅದು ಸ್ಟಾಪ್ ವಾಚ್‌ನ ಭಾಗಾಕಾರಕ್ಕೆ ಮಾತ್ರ. ಬದಲಿಸಲು ಮರೆತರೂ ಸೈಕಲ್ ಎಣಿಕೆ ಸರಿಯೇ ಇರುತ್ತದೆ, ಹಾಗಾಗಿ ನಾನು ಸ್ಟಾಪ್ ವಾಚ್ ಬಿಟ್ಟು ಸೈಕಲ್ ಕೌಂಟರನ್ನೇ ನೋಡಿ, 16ರಿಂದ ಭಾಗಿಸಿ ಮೈಕ್ರೋಸೆಕೆಂಡ್ ತೆಗೆಯುತ್ತೇನೆ. ಇಂಟರಪ್ಟ್ ಒಳಗೆ ಎಷ್ಟು ಸೈಕಲ್ ಖರ್ಚಾಯಿತು ಎಂಬ ಪ್ರಶ್ನೆಗೆ ಇದಕ್ಕಿಂತ ಚೊಕ್ಕ ಉಪಕರಣ ಬೇಡ. ಲಿನಕ್ಸ್ ಕಮಾಂಡ್ ಲೈನ್‌ನಲ್ಲಿ ಕೆಲಸ ಮಾಡುವವರಿಗೆ ಸಿಮ್‌ಎವಿಆರ್ ಇದೆ. ಚಿಪ್‌ನ ಹೆಸರಿನ ಜೊತೆ ಆವರ್ತನವನ್ನು ಹರ್ಟ್ಜ್‌ನಲ್ಲೇ ಕೊಡಬೇಕು, 16 ಎಂದಲ್ಲ, 16000000 ಎಂದು. ಕೋಡ್‌ನಲ್ಲೇ ಎವಿಆರ್_ಎಂಸಿಯು ಎಂಬ ಮ್ಯಾಕ್ರೋಗೆ ಎಫ್_ಸಿಪಿಯು ಕೊಟ್ಟರೆ ಆ ಸಂಖ್ಯೆ ಇಎಲ್‌ಎಫ್ ಫೈಲ್ ಒಳಗೆ ಸೇರಿಕೊಂಡು ಸಿಮ್ಯುಲೇಟರ್‌ಗೆ ತಲುಪುತ್ತದೆ. ಎರಡು ಸಂಖ್ಯೆಗಳು ಒಂದೇ ಜಾಗದಿಂದ ಬರುವ ಈ ಏರ್ಪಾಡು ಎಲ್ಲ ಸಿಮ್ಯುಲೇಟರ್‌ಗಳಲ್ಲೂ ಇರಬೇಕಿತ್ತು.

ಪಿಕ್ ಮತ್ತು ಆರ್ಮ್, ಚುಟುಕಾಗಿ

ಎಂಪಿಲ್ಯಾಬ್ ಎಕ್ಸ್‌ನ ಸಿಮ್ಯುಲೇಟರ್ ಕೇಳುವುದು ಇನ್‌ಸ್ಟ್ರಕ್ಷನ್ ಫ್ರೀಕ್ವೆನ್ಸಿ, ಕ್ರಿಸ್ಟಲ್ ಅಲ್ಲ. ಪಿಕ್16ರಲ್ಲಿ ಅದು ಕ್ರಿಸ್ಟಲ್‌ನ ಕಾಲು ಭಾಗ: 4 ಮೆಗಾಹರ್ಟ್ಜ್‌ಗೆ 1, 20 ಮೆಗಾಹರ್ಟ್ಜ್‌ಗೆ 5. ಪಿಕ್24, ಡಿಎಸ್‌ಪಿಕ್33ಗಳಲ್ಲಿ ಅರ್ಧ. _ಎಕ್ಸ್‌ಟಾಲ್_ಫ್ರೀಕ್‌ಗೆ ಮಾತ್ರ ಪೂರ್ತಿ ಆಸಿಲೇಟರ್ ಸಂಖ್ಯೆ ಕೊಡಬೇಕು. ಪ್ರೋಟಿಯಸ್‌ನಲ್ಲಿ ಪಿಕ್ ಹಾಕಿದರೆ ಪ್ರೊಸೆಸರ್ ಕ್ಲಾಕ್ ಫ್ರೀಕ್ವೆನ್ಸಿ ಎಂಬಲ್ಲಿಯೂ ಪೂರ್ತಿ ಸಂಖ್ಯೆಯೇ.

ಆರ್ಮ್ ಚಿಪ್‌ಗಳಿಗೆ ಬಂದಾಗ ಪ್ರಶ್ನೆಯೇ ಬದಲಾಗುತ್ತದೆ. ಆರ್ಮ್ ಕೋಡ್ ಓಡಿಸುವ ಕ್ಯೂಎಮು, ರೆನೋಡ್ ಎಂಬ ತಂತ್ರಾಂಶಗಳಲ್ಲಿ ಕ್ಯೂಎಮು ಸೈಕಲ್ ಎಣಿಸುವ ಸಿಮ್ಯುಲೇಟರ್ ಅಲ್ಲ. ರೆನೋಡ್‌ನಲ್ಲಿ ಪ್ರೊಸೆಸರ್‌ಗೆ ಸೆಕೆಂಡಿಗೆ ಎಷ್ಟು ದಶಲಕ್ಷ ಇನ್‌ಸ್ಟ್ರಕ್ಷನ್ ಎಂಬ ಗುಣವಿದೆ, ಟೈಮರ್‌ಗಳ ಆವರ್ತನ ಪ್ಲಾಟ್‌ಫಾರ್ಮ್ ಫೈಲ್‌ನಲ್ಲಿ ಬೇರೆಯೇ ಇರುತ್ತದೆ. ಎಸ್‌ಟಿಎಂ32ಎಫ್103ರಲ್ಲಿ 8 ಮೆಗಾಹರ್ಟ್ಜ್ ಕ್ರಿಸ್ಟಲನ್ನು ಪಿಎಲ್‌ಎಲ್ 9 ಪಟ್ಟು ಮಾಡಿ 72 ತಲುಪಿಸುವ ಕೋಡ್ ನೀವು ಬರೆದರೂ, ಪ್ಲಾಟ್‌ಫಾರ್ಮ್ ಫೈಲ್‌ನಲ್ಲಿ ಟೈಮರ್‌ಗೆ ಬೇರೆ ಅಂಕಿ ಇದ್ದರೆ ಟೈಮರ್ ಅದನ್ನೇ ಕೇಳುತ್ತದೆ. ದೊಡ್ಡ ಫರ್ಮ್‌ವೇರ್‌ನ ತರ್ಕ ಪರೀಕ್ಷಿಸಲು ಇವು ಒಳ್ಳೆಯವು. ಮೈಕ್ರೋಸೆಕೆಂಡ್ ಅಳೆಯಲು ಬೋರ್ಡೇ ಸರಿ.

ಗೋಡೆ ಗಡಿಯಾರದ ಸಮಯ ಬೇರೆ

ಕ್ಲಾಕ್ ಸರಿಯಾಗಿ ಬರೆದ ಮೇಲೂ ಒಂದು ಸೆಕೆಂಡು ಮೂರು ಸೆಕೆಂಡಾಗಿ ಕಂಡರೆ ಮೊಬೈಲ್ ಸ್ಟಾಪ್ ವಾಚ್ ಬಿಟ್ಟು ಸಿಮ್ಯುಲೇಟರ್‌ನ ಒಳಗಿನ ಸಮಯ ನೋಡಿ. 16 ಮೆಗಾಹರ್ಟ್ಜ್ ಎಂದರೆ ಸೆಕೆಂಡಿಗೆ 160 ಲಕ್ಷ ಕ್ಲಾಕ್. ಜೊತೆಗೆ ಅನಲಾಗ್ ಬಿಡಿಭಾಗಗಳಿದ್ದರೆ ಪ್ರತಿ ಹೆಜ್ಜೆಗೂ ಸರ್ಕ್ಯೂಟ್ ಸಮೀಕರಣ ಬಿಡಿಸಬೇಕು. ಆಗದಿದ್ದಾಗ ಪ್ರೋಟಿಯಸ್ ತಾನು ನಿಜ ಸಮಯದಲ್ಲಿ ಓಡುತ್ತಿಲ್ಲ ಎಂದು ಸೂಚನೆ ಕೊಡುತ್ತದೆ, ವೋಕ್ವಿಯ ಶೇಕಡಾವಾರು 100ಕ್ಕಿಂತ ಇಳಿಯುತ್ತದೆ. ಇಂಥ ಹೊತ್ತಿನಲ್ಲಿ ಬೇಗ ಕಾಣಲಿ ಎಂದು ಕ್ಲಾಕ್ ಸಂಖ್ಯೆ ಬದಲಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಪರದೆಯ ಮಿನುಗು ಸರಿಹೋಗುತ್ತದೆ, ಟೈಮರ್ ಮತ್ತು ಬಾಡ್ ಎರಡೂ ಕೆಡುತ್ತವೆ. ಬದಲಿಗೆ ಬೇಡದ ಆಸಿಲೋಸ್ಕೋಪ್ ಕಿಟಕಿ ಮುಚ್ಚಿ, ಅನಲಾಗ್ ಭಾಗ ಕಡಿಮೆ ಮಾಡಿ, ಇಲ್ಲವೇ ನಿಧಾನವನ್ನು ಒಪ್ಪಿಕೊಂಡು ಒಳಗಿನ ಸಮಯದಲ್ಲೇ ಅಳೆಯಿರಿ.

ಸಿಮ್ಯುಲೇಟರ್‌ನಿಂದ ಬೋರ್ಡಿಗೆ ಹೋಗುವಾಗ

ಮೇಲಿನ ಯಾವ ಸಿಮ್ಯುಲೇಟರ್‌ನಲ್ಲೂ 8 ಮೆಗಾಹರ್ಟ್ಜ್ ಎಂದು ಬರೆದರೆ ಕರಾರುವಾಕ್ಕಾಗಿ 80 ಲಕ್ಷ. ಎಟಿಮೆಗಾ328ಪಿಯ ಒಳಗಿನ ಆರ್‌ಸಿ ಆಸಿಲೇಟರ್ ಹಾಗಲ್ಲ; ಕಾರ್ಖಾನೆಯ ಹೊಂದಾಣಿಕೆಯ ಮೇಲೆ ಅದರ ನಿಖರತೆ ಶೇಕಡಾ 10ರ ಆಚೀಚೆ ಎಂದೇ ಡೇಟಾಶೀಟ್ ಹೇಳುತ್ತದೆ, ವೋಲ್ಟೇಜ್ ಮತ್ತು ತಾಪಮಾನ ಬದಲಾದಂತೆ ಅದೂ ಬದಲಾಗುತ್ತದೆ. ಸೀರಿಯಲ್‌ಗೆ ಎಂಟು ಬಿಟ್ ಕಳಿಸುವಾಗ ಶೇಕಡಾ 2ರೊಳಗೆ ಇರಲಿ ಎಂಬುದು ಅದೇ ಡೇಟಾಶೀಟ್‌ನ ಸಲಹೆ. ಒಳಗಿನ ಆಸಿಲೇಟರ್ ಮೇಲೆ ಸಿಮ್ಯುಲೇಟರ್‌ನಲ್ಲಿ ಚೆನ್ನಾಗಿ ನಡೆದ ಸೀರಿಯಲ್ ಬೋರ್ಡಿನಲ್ಲಿ ಬೆಳಿಗ್ಗೆ ಸರಿ, ಮಧ್ಯಾಹ್ನದ ಬಿಸಿಲಿಗೆ ತಪ್ಪು ಎಂದಾಗಬಹುದು. ಸೀರಿಯಲ್ ಇರುವ ಯೋಜನೆಗೆ ಹೊರಗಿನ ಕ್ರಿಸ್ಟಲ್ ಹಾಕಿ. ಜಾಗ ಅಥವಾ ಪಿನ್ ಇಲ್ಲವೆಂದರೆ ಅದೇ 500 ಹರ್ಟ್ಜ್ ಪರೀಕ್ಷೆಯ ಕೋಡನ್ನು ಇಲ್ಲಿ ಕ್ಲಾಕ್ 16 ಅಲ್ಲ, (ಎಂಟರಿಂದ ಭಾಗಿಸುವ ಫ್ಯೂಸ್ ತೆಗೆದ ಮೇಲೆ) 8 ಮೆಗಾಹರ್ಟ್ಜ್ ಆದ್ದರಿಂದ ಎಣಿಕೆ ಅರ್ಧಕ್ಕಿಳಿಸಿ, ಅಂದರೆ 249ರ ಬದಲು 124 ಇಟ್ಟು ಚಿಪ್‌ಗೆ ಹಾಕಿ, ಆವರ್ತನ ಅಳೆಯುವ ಮಲ್ಟಿಮೀಟರ್‌ನಲ್ಲಿ ಪಿನ್ ಓದಿ, ಸಂಖ್ಯೆ 500ರ ಹತ್ತಿರ ಬರುವ ತನಕ ಒಳಗಿನ ಆಸಿಲೇಟರ್‌ನ ವೇಗ ತಿದ್ದುವ ಆಸ್‌ಕ್ಯಾಲ್ ರಿಜಿಸ್ಟರನ್ನು ಸ್ವಲ್ಪಸ್ವಲ್ಪವೇ ಏರಿಸಿ ಇಳಿಸಿ ಹೊಂದಿಸಿ.